ಗಾಜಿಗೆ ನಿವಾಳಿಸಿದ ಉಪ್ಪು

ಆಗ ನನಗೆ ಅರವತ್ತೊಂದು ವರ್ಷ. ಇದು ಏಳು ವರ್ಷದ ಹಿಂದಿನ ಮಾತು. ಹಿರಿಯೂರಿನ ಹೊರಗೆ, ಹೆದ್ದಾರಿಯಿಂದ ಸ್ವಲ್ಪ ಒಳಕ್ಕೆ, ಶೆಡ್ಡುಗಳ ಸಾಲಿನಲ್ಲಿ ಕೊನೆಯದು ನಮ್ಮದು. ಅಲ್ಲಿ ನಾನು ಗಾಜು ತೊಳೆಯುತ್ತಿದ್ದೆ. ಗಾಜು ಎಂದರೆ ಕಿಟಕಿಯದಲ್ಲ, ಲೋಟದ್ದಲ್ಲ. ಬೆಂಕಿಪೊಟ್ಟಣದಷ್ಟು ಅಗಲದ ತೆಳು ಬಿಲ್ಲೆಗಳು. ಸಿನಿಮಾ ಮಂದಿರದಲ್ಲಿ, ಶಾಲೆಯ ಗೋಡೆಯ ಮೇಲೆ ಚಿತ್ರ ಬಿಡುವ ಪ್ರೊಜೆಕ್ಟರ್ ಇರುತ್ತದಲ್ಲ, ಅದರ ಹೊಟ್ಟೆಯೊಳಗೆ ಕೂರುವ ಗಾಜು. ದೀಪದ ಬಿಳಿ ಬೆಳಕನ್ನು ಕೆಂಪು, ಹಸಿರು, ನೀಲಿ ಎಂದು ಮೂರು ಪಾಲು ಮಾಡುವುದು ಅದರ ಕೆಲಸ. ಬರಿಯ ಗಾಜಿಗೆ ಆ ಗುಣ ಇಲ್ಲ. ಅದರ ಮೇಲೆ ಪೊರೆ ಕೂರಿಸಬೇಕು, ಒಂದರ ಮೇಲೊಂದು ಮೂವತ್ತು ನಲವತ್ತು. ಅಷ್ಟೂ ಸೇರಿದರೂ ಈರುಳ್ಳಿಯ ಒಂದು ಸಿಪ್ಪೆಯಷ್ಟು ದಪ್ಪವಾಗುವುದಿಲ್ಲ.

ಪೊರೆ ಕೂರಿಸುವ ಯಂತ್ರಕ್ಕೆ ನಾವು ಹಂಡೆ ಎನ್ನುತ್ತಿದ್ದೆವು. ಆಳೆತ್ತರದ ಉಕ್ಕಿನ ಹಂಡೆ, ಪಕ್ಕದಲ್ಲಿ ಬಾಗಿಲು. ಒಳಗೆ ಮೇಲುಗಡೆ ಕೊಡೆಯ ಹಾಗೆ ಬಾಗಿದ ಒಂದು ಚೌಕಟ್ಟು. ಅದಕ್ಕೆ ಗಾಜು ಸಿಕ್ಕಿಸಿ, ಬಾಗಿಲು ಬಿಗಿದು, ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಹೊರಕ್ಕೆ ಎಳೆಯುತ್ತಾರೆ. ಆಮೇಲೆ ಕೆಳಗಿನ ಬಟ್ಟಲಲ್ಲಿಟ್ಟ ಬಿಳಿ ಕಲ್ಲನ್ನು ಕರಗಿಸುತ್ತಾರೆ. ಅದರ ಆವಿ ಎದ್ದು ಮೇಲಿನ ಗಾಜಿಗೆ ಹತ್ತುತ್ತದೆ, ಅನ್ನದ ಆವಿ ಮುಚ್ಚಳಕ್ಕೆ ಹತ್ತಿದ ಹಾಗೆ. ಮುಚ್ಚಳದ ಆವಿ ಒರೆಸಿದರೆ ಹೋಗುತ್ತದೆ, ಇದು ಹೋಗಬಾರದು.

ಪೊರೆ ಕೂರುವುದು ದೊಡ್ಡದಲ್ಲ, ಉಳಿಯುವುದು ದೊಡ್ಡದು. ಪ್ರೊಜೆಕ್ಟರಿನ ದೀಪ ಒಲೆಯ ಹಾಗೆ ಕಾಯುತ್ತದೆ, ಆರುತ್ತದೆ, ಮತ್ತೆ ಕಾಯುತ್ತದೆ. ಅದಕ್ಕೇ ಪರೀಕ್ಷೆಗಳು. ಅಂಟುಪಟ್ಟಿ ಹಚ್ಚಿ ಕಿತ್ತು ನೋಡುವುದು. ರಬ್ಬರಿನಿಂದ ಉಜ್ಜುವುದು. ಒಂದೆರಡು ಬಿಲ್ಲೆಗಳನ್ನು ಉಪ್ಪುನೀರಿನಲ್ಲಿ ಕುದಿಸುವುದೂ ಇತ್ತು. ಕೊನೆಯದು, ಬಿಸಿಯೂ ತೇವವೂ ತುಂಬಿದ ಒಂದು ಪೆಟ್ಟಿಗೆಯಲ್ಲಿ ಹತ್ತು ದಿನ ಮುಚ್ಚಿಡುವುದು. ಆ ಪೆಟ್ಟಿಗೆಗೆ ಹೆಂಗಸರಾದ ನಾವು ಬಾಣಂತಿ ಕೋಣೆ ಎಂದು ಹೆಸರಿಟ್ಟಿದ್ದೆವು.

ತೊಳೆಯುವವರು ನಾವಿಬ್ಬರು. ನಾನು, ಮತ್ತೆ ಹೊಸದುರ್ಗದ ಕಡೆಯಿಂದ ಬಂದು ಹಿರಿಯೂರಿನಲ್ಲಿ ನೆಲೆಸಿದ್ದ ಒಬ್ಬಳು, ನನಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿ ಬಲು ಜೋರು. ಮೊದಲು ಸೋಪಿನ ತೊಟ್ಟಿ, ಆಮೇಲೆ ಗುಂಯ್ ಎಂದು ನಡುಗುವ ತೊಟ್ಟಿ, ಆಮೇಲೆ ಶುದ್ಧ ಮಾಡಿದ ನೀರು ಮೂರು ಸಲ, ಕೊನೆಗೆ ಬಿಸಿಗಾಳಿ. ಒಣಗಿದ ಮೇಲೆ ತಟ್ಟೆಗೊಂದರಂತೆ ಗಾಜು ಎತ್ತಿ, ಕಪ್ಪು ಬಟ್ಟೆಯ ಮುಂದೆ ಹಿಡಿದು, ಬಾಯಿಬಟ್ಟೆ ಇಳಿಸಿ, ಹಾ ಎಂದು ಉಸಿರು ಬಿಡುವುದು ನನ್ನ ಕೆಲಸ. ಮಂಜು ಒಂದೇ ಸಮ ಕೂತು ಒಂದೇ ಸಮ ಆರಿದರೆ ಗಾಜು ಶುದ್ಧ. ಎಲ್ಲಾದರೂ ಒಡೆದು ಚುಕ್ಕೆಯಾದರೆ ತಟ್ಟೆ ಪೂರ್ತಿ ಮತ್ತೆ ನೀರಿಗೆ. ಇದಕ್ಕೆ ಬಾಯಿ ಚೊಕ್ಕಟ ಇರಬೇಕು. ಈ ಕೆಲಸಕ್ಕೆ ಸೇರಿದ ದಿನ ನಾನು ಎಲೆಅಡಿಕೆ ಬಿಟ್ಟೆ. ಗಂಡ ಸತ್ತಾಗಲೂ ಬಿಟ್ಟಿರಲಿಲ್ಲ.

ಹಂಡೆ ನೋಡಿಕೊಳ್ಳುವವನು ಚಿತ್ರದುರ್ಗದ ಸಾಬರವನು. ನಲವತ್ತು ದಾಟಿದ್ದ. ಅವನ ಅಪ್ಪ, ತಾತ ಎಲ್ಲ ಕೋಟೆಯ ಕೆಳಗಿನ ಬೀದಿಯಲ್ಲಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ಆ ಕೆಲಸ ನಿಂತ ಮೇಲೆ ಇವನು ಐಟಿಐ ಓದಿ ಇಲ್ಲಿಗೆ ಬಂದಿದ್ದ. ನನ್ನನ್ನು ಅಮ್ಮ ಎನ್ನುತ್ತಿದ್ದ, ಆದರೆ ಕೆಣಕುವುದು ಬಿಡುತ್ತಿರಲಿಲ್ಲ.

"ನಮ್ಮಪ್ಪ ಒಂದ್ ಮಾತು ಹೇಳ್ತಿದ್ದ ಅಮ್ಮ. ಕಲಾಯಿ ಬಿಟ್ರೆ ಅದು ತವರದ ತಪ್ಪಲ್ಲ, ತೊಳ್ದೋರ ತಪ್ಪು."

"ನಿಮ್ಮಪ್ಪ ತಾನೇ ತೊಳ್ದು ತಾನೇ ಹಾಕ್ತಿದ್ದ. ನಿಂಗೆ ತೊಳ್ಯಾಕೆ ಇಬ್ರು ಹೆಂಗಸ್ರು ಬೇಕು. ಸುಮ್ಕಿರು" ಎಂದು ನಾನು.

"ಕಲಾಯಿ ಸಾಬಿ, ನಿನ್ ಹಂಡೆ ಬಾಯಿ ಮುಚ್ಚು, ನಿಂದೂ ಮುಚ್ಚು" ಎಂದು ಹೊಸದುರ್ಗದವಳು.

ಮಾಲೀಕರು ಮತ್ತೋಡು ಕಡೆಯ ಒಕ್ಕಲು ಮನೆಯವರು, ಸಿರಿಗೆರೆಯಲ್ಲಿ ಓದಿದವರು. ಬೇರೆ ಊರಿನ ಗಾಜಿನ ಕಾರ್ಖಾನೆಯಲ್ಲಿ ಹದಿನೈದು ವರ್ಷ ದುಡಿದು, ಹಳೆಯ ಹಂಡೆಯೊಂದನ್ನು ತಂದು ಈ ಶೆಡ್ಡು ಹಾಕಿದ್ದರು. ಕೆಟ್ಟವರಲ್ಲ. ನಗುವುದು ಕಡಿಮೆ.

ಆ ವರ್ಷ ಮೊದಲ ಸಲ ದೊಡ್ಡ ಗಿರಾಕಿ ಸಿಕ್ಕಿದ್ದ. ಪ್ರೊಜೆಕ್ಟರ್ ಮಾಡುವವರ ಕಡೆಯಿಂದ ಒಬ್ಬ ಮನುಷ್ಯ ನೋಡಲು ಬಂದ. ತೊಳೆಯುವ ಕೋಣೆಗೆ ಬಂದು, ಒಣಗಿಸಿಟ್ಟ ತಟ್ಟೆಗಳ ಮುಂದೆ ಬಗ್ಗಿ, ಬಹಳ ಹೊತ್ತು ನೋಡಿದ. ಇಷ್ಟು ಸ್ವಚ್ಛವಾದ ಗಾಜನ್ನು ದೊಡ್ಡ ಕಾರ್ಖಾನೆಗಳಲ್ಲೂ ಕಂಡಿಲ್ಲ ಎಂದ. ಹೋದವನು ತಿರುಗಿ ಬಂದು ಮತ್ತೊಮ್ಮೆ ನೋಡಿದ. ಅವನು ಹೋಗಿ ಅರ್ಧ ಗಂಟೆಯಾಗಿಲ್ಲ, ಹೊಸದುರ್ಗದವಳ ಕೈಯಿಂದ ತಟ್ಟೆ ಜಾರಿ ಆರು ಗಾಜು ಒಡೆದವು. ಎಂಟು ವರ್ಷದಲ್ಲಿ ಅವಳು ಒಂದನ್ನೂ ಒಡೆದವಳಲ್ಲ.

"ಅವ್ನ ಕಣ್ಣೇ ಕಣ್ಣು" ಎಂದಳು. "ನುಂಗೋ ಹಂಗೆ ನೋಡ್ದ ಕಣವ್ವ."

ನನಗೂ ಹಾಗೇ ಅನ್ನಿಸಿತು. ಮರುದಿನ ಆ ಗಿರಾಕಿಯ ಮೊದಲ ಹಂಡೆ ತುಂಬಬೇಕಿತ್ತು. ಬೆಳಿಗ್ಗೆ ಮನೆಯಿಂದ ಒಂದು ಹಿಡಿ ಕಲ್ಲುಪ್ಪು, ಐದು ಒಣಮೆಣಸಿನಕಾಯಿ, ನಾಲ್ಕು ಪೊರಕೆಕಡ್ಡಿ ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದೆ. ಕೋಣೆಯೊಳಗೆ ಹೊರಗಿನ ವಸ್ತು ತರಬಾರದು ಎಂಬ ನಿಯಮ ಗೊತ್ತಿತ್ತು. ಬಿಳಿ ಕೋಟು ಹಾಕಿಕೊಂಡರೆ ಸೆರಗು ಒಳಗೆ ಹೋಗುತ್ತದೆ, ಯಾರಿಗೂ ಕಾಣುವುದಿಲ್ಲ. ತಟ್ಟೆಗಳನ್ನು ತೊಳೆದು, ಒಣಗಿಸಿ, ಉಸಿರು ಬಿಟ್ಟು ನೋಡಿ, ಎಲ್ಲ ಮುಗಿದ ಮೇಲೆ ಗಂಟು ಬಿಚ್ಚಿ, ಮುಷ್ಟಿ ಕಟ್ಟಿ, ತಟ್ಟೆಗಳ ಮೇಲೆ ಮೂರು ಸುತ್ತು ಬಲಕ್ಕೆ, ಮೂರು ಸುತ್ತು ಎಡಕ್ಕೆ ನಿವಾಳಿಸಿದೆ. ಬಂದವರ ಕಣ್ಣು, ಹೋದವರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು ಎಂದು ಬಾಯೊಳಗೇ ಅಂದುಕೊಂಡೆ. ನನ್ನ ಮಕ್ಕಳಿಗೆ ಹೀಗೇ ಮಾಡಿದ್ದೆ. ಹಸು ಕರು ಹಾಕಿದಾಗಲೂ ಮಾಡಿದ್ದೆ.

ಅಷ್ಟರಲ್ಲಿ ತಟ್ಟೆ ಒಯ್ಯಲು ಹಂಡೆಯವನು ಬಂದ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ.

"ನಜರ್ ತೆಗಿತಿದ್ದೀರ? ಹಂಗಾರೆ ಹಂಡೆಗೂ ಒಂದ್ಸಾರಿ ತೆಗೀರಿ ಅಮ್ಮ. ನಿನ್ನೆಯಿಂದ ಪಂಪು ಕೆಮ್ತಾ ಐತೆ. ನಮ್ಮಮ್ಮಂಗೂ ಮೈ ಸರಿಯಿಲ್ಲ. ಎಲ್ಲ ಒಟ್ಟಿಗೇ ಬಂದೈತೆ."

ತೆರೆದ ಹಂಡೆಯ ಬಾಯಿಗೂ ನಿವಾಳಿಸಿದೆ. ಹೊರಗೆ ಗೇಟಿನ ಹತ್ತಿರ ಟೀ ಮಾಡುವವಳ ಒಲೆಗೆ ಅದನ್ನೆಲ್ಲ ಹಾಕಿದೆವು. ಉಪ್ಪು ಚಟಪಟ ಸಿಡಿಯಿತು. ಮೆಣಸಿನಕಾಯಿಯ ಘಾಟೇ ಬರಲಿಲ್ಲ.

"ನೋಡ್ರವ್ವ, ಒಬ್ರೂ ಕೆಮ್ಲಿಲ್ಲ. ಎಷ್ಟ್ ದಿಷ್ಟಿ ಆಗಿತ್ತು!" ಎಂದಳು ಹೊಸದುರ್ಗದವಳು. ಸಮಾಧಾನವಾಗಿ ಟೀ ಕುಡಿದೆವು.

ಆ ದಿನದ ಗಾಜು ಬಲು ಚೆನ್ನಾಗಿ ಬಂತು. ನೇರ ಹಿಡಿದರೆ ಹಳದಿ, ಓರೆ ಮಾಡಿದರೆ ನವಿಲಿನ ಕುತ್ತಿಗೆ. ಅಂಟುಪಟ್ಟಿಗೂ ರಬ್ಬರಿಗೂ ಜಗ್ಗಲಿಲ್ಲ. ಹಂಡೆ ತಣ್ಣಗಾದ ಮೇಲೆ ಬಾಗಿಲು ತೆಗೆದು, ತಟ್ಟೆ ಎತ್ತಿಟ್ಟು, ಪುಸ್ತಕದಲ್ಲಿ ಬರೆದು, ಮಿಕ್ಕ ಕೆಲಸ ನಾಳೆಗೆ ಬಿಟ್ಟು, ಅವನು ಐದೂವರೆ ಬಸ್ಸಿಗೆ ಚಿತ್ರದುರ್ಗಕ್ಕೆ ಓಡಿದ. ತಾಯಿಗೆ ಜ್ವರ ಏರಿದೆ ಎಂದು ಫೋನು ಬಂದಿತ್ತು. ಗಾಜು ಬಾಣಂತಿ ಕೋಣೆ ಸೇರಿತು.

ಹತ್ತು ದಿನದ ಮೇಲೆ ಪೆಟ್ಟಿಗೆ ತೆರೆದರು. ನಮ್ಮನ್ನೆಲ್ಲ ಕರೆದರು. ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಗಾಜು. ಬರಿಗಣ್ಣಿಗೇ ಕಾಣುತ್ತಿತ್ತು. ಸಾಸಿವೆಗಿಂತ ಸಣ್ಣ ಬೊಬ್ಬೆಗಳು, ಅಲ್ಲೊಂದು ಇಲ್ಲೊಂದು. ಮಾಲೀಕರು ಒಂದಕ್ಕೆ ಅಂಟುಪಟ್ಟಿ ಹಚ್ಚಿ ಎಳೆದರು. ಪೊರೆ ಹಾವಿನ ಪೊರೆಯ ಹಾಗೆ ಬಂತು.

"ಹಂಡೆ ಎಷ್ಟೊತ್ತಿಗೆ ತೆಗ್ದೆ?" ಎಂದು ಹಂಡೆಯವನನ್ನು ಕೇಳಿದರು.

"ಪುಸ್ತಕದಾಗೆ ಐತಲ್ಲ ಸಾರ್. ಪೂರ್ತಿ ಆರಿದ್ಮೇಲೇ ತೆಗ್ದೀನಿ."

"ಪುಸ್ತಕ ಬರ್ಯೋನು ನೀನೇ ಅಲ್ವ? ಅವತ್ತು ಐದೂವರೆ ಬಸ್ಸಿಗೆ ಹೋದೆ. ದಿನಾ ಏಳರ ಬಸ್ಸು. ಬಿಸಿ ಇರುವಾಗ್ಲೇ ಬಾಗ್ಲು ತೆಗ್ದು, ತಣ್ಣನೆ ಗಾಳಿ ಬಡ್ದು, ಹಿಂಗಾಗೈತೆ."

"ಇಲ್ಲ ಸಾರ್. ನಮ್ಮಮ್ಮನ ಮೇಲಾಣೆ."

"ಅವಳ ಸಲುವಾಗೇ ಅಲ್ವೇನಪ್ಪ ನೀನು ಓಡಿದ್ದು?"

ಅವನ ಕಿವಿ ಕೆಂಪಾಗಿದ್ದವು. ತಿಂಗಳ ಕೊನೆಗೆ ಗಿರಾಕಿಯ ಕಡೆಯವರು ಬರುತ್ತಾರೆ, ಕಾರಣ ಏನು, ಏನು ಕ್ರಮ ತೆಗೆದುಕೊಂಡಿರಿ ಎಂದು ಬರಹದಲ್ಲಿ ಕೊಡಬೇಕು, ಅಲ್ಲಿಯವರೆಗೆ ನೀನು ಮನೆಯಲ್ಲಿರು ಎಂದರು ಮಾಲೀಕರು. ಅಲ್ಲಿಯವರೆಗೆ ಎಂದದ್ದು ಮರ್ಯಾದೆಗೆ. ಅವನ ಹೆಸರು ಆ ಕಾಗದದಲ್ಲಿ ಕೂತರೆ ಮತ್ತೆ ಎಲ್ಲೂ ಯಾರೂ ಅವನ ಕೈಗೆ ಹಂಡೆ ಕೊಡುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಬುತ್ತಿ ಡಬ್ಬಿ ತೆಗೆದುಕೊಂಡು ಅವನು ಹೋದ. ಹೋಗುವಾಗ ಹಂಡೆಯ ಬಾಗಿಲನ್ನು ಅಂಗೈಯಿಂದ ಒಮ್ಮೆ ಒರೆಸಿದ, ಅಷ್ಟೇ.

ನಾನೂ ನಂಬಿದೆ, ಸುಳ್ಳು ಯಾಕೆ ಹೇಳಲಿ. ತಾಯಿಗೆ ಜ್ವರ ಬಂದರೆ ಯಾವನು ಹಂಡೆ ಆರುವವರೆಗೆ ಕಾಯುತ್ತಾನೆ ಎಂದುಕೊಂಡೆ.

ನಮ್ಮ ಮನೆ ಹಿರಿಯೂರಿನಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ, ಕಾಲುವೆಯ ಮಗ್ಗುಲ ಊರು. ಅಲ್ಲಿ ಮಣ್ಣೆಲ್ಲ ಚೌಳು. ಕಾಲುವೆ ನೀರು ನಿಂತು ನಿಂತು ಉಪ್ಪು ಮೇಲೆ ಬಂದಿದೆ. ಅದೇ ಮಣ್ಣಿನಲ್ಲಿ ನನ್ನ ಗಂಡ ಹಿತ್ತಲ ಕಡೆಯ ಗೋಡೆ ಕಟ್ಟಿದ್ದ, ಬೇಡವೆಂದರೂ ಕೇಳದೆ. ಎಷ್ಟು ಸಲ ಗಿಲಾವು ಮಾಡಿಸಿದರೂ ನಿಲ್ಲುವುದಿಲ್ಲ. ಆ ಸಂಜೆ ಮಳೆ ಬಂದು ಹೋಗಿತ್ತು. ಬಬ್ಬೂರಿನ ಕೃಷಿ ಫಾರಮ್ಮಿಗೆ ಕೂಲಿಗೆ ಹೋಗುವ ನನ್ನ ಮಗಳು ಬಚ್ಚಲ ಹತ್ತಿರ ನಿಂತು, "ಮತ್ತೆ ಬೊಬ್ಬೆ ಎದ್ದೈತೆ ನೋಡವ್ವ ಗ್ವಾಡೆ" ಎಂದಳು.

ಬುಡ್ಡಿ ಹಿಡಿದು ನೋಡಿದೆ. ಗಿಲಾವು ಅಲ್ಲೊಂದು ಇಲ್ಲೊಂದು ಉಬ್ಬಿತ್ತು. ಒಂದನ್ನು ಬೆರಳಿಂದ ಒತ್ತಿದೆ. ಹಪ್ಪಳದ ಹಾಗೆ ಕಳಚಿ ಬಂತು. ಒಳಗೆ ಬೆಳ್ಳಗೆ ಹಿಟ್ಟು. ಅದನ್ನು ನಾಲಿಗೆಗೆ ಮುಟ್ಟಿಸಿದೆ. ಉಪ್ಪು.

ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಗಾಜಿನ ಬೊಬ್ಬೆಯೂ ಈ ಬೊಬ್ಬೆಯೂ ಒಂದೇ ಜಾತಿ. ಒಳಗೆ ಉಪ್ಪು, ಮೇಲೆ ಮುಚ್ಚಿದ ಪದರ. ತೇವ ತಗುಲಿದೊಡನೆ ಉಪ್ಪು ನೀರು ಕುಡಿಯುತ್ತದೆ, ಉಬ್ಬುತ್ತದೆ, ಮೇಲಿನದನ್ನು ಎತ್ತಿ ಎಸೆಯುತ್ತದೆ. ಗೋಡೆಗೆ ಉಪ್ಪು ಹೊಲದಿಂದ ಬಂತು. ಗಾಜಿಗೆ ಎಲ್ಲಿಂದ? ನನ್ನ ಮುಷ್ಟಿಯಿಂದ. ಸೆರಗಿನ ಗಂಟಿನಲ್ಲಿ ಉಜ್ಜಿ ಪುಡಿಯಾದ ಉಪ್ಪು, ಬೆವೆತ ಕೈ, ಆರು ಸುತ್ತು. ಉಸಿರು ಬಿಟ್ಟು ಪರೀಕ್ಷೆ ಮಾಡಿದ್ದು ಅದಕ್ಕೆ ಮೊದಲು, ಆಮೇಲೆ ಮಾಡಿರಲಿಲ್ಲ.

"ಯಾಕವ್ವ, ಏನಾತು?" ಎಂದಳು ಮಗಳು.

"ಏನಿಲ್ಲ. ಮುದ್ದೆ ತಿರುವು ಹೋಗು" ಎಂದೆ.

ಭಾನುವಾರ ದುರ್ಗಕ್ಕೆ ಹೋದೆ. ಕಲಾಯಿಯವರ ಮನೆ ಎಂದು ಕೇಳಿದರೆ ಈಗಲೂ ತೋರಿಸುತ್ತಾರೆ. ಪಡಸಾಲೆಯಲ್ಲಿ ಅವನ ತಾಯಿ ಮಲಗಿದ್ದಳು, ನನ್ನ ವಾರಿಗೆಯವಳೇ. ಮೂಲೆಯಲ್ಲಿ ಅಪ್ಪ ಕಲಾಯಿ ಒಲೆ ಊದುತ್ತಿದ್ದ ತಿದಿ, ಚರ್ಮ ಬಿರಿದಿತ್ತು. ಅವನು ಮಣೆ ಹಾಕಿ, "ಕುಂತ್ಕಳ್ರಿ ಅಮ್ಮ" ಎಂದ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವನಿಗೆ ಸಿಟ್ಟು ಬಂತು.

"ಇಷ್ಟ್ ವರ್ಷ ಉಸ್ರು ಬಿಟ್ಟು ಬಿಟ್ಟು ಗಾಜು ನೋಡೀರಿ. ಉಪ್ಪು ಅಂಬೋದು ತಲೆಗೆ ಹೊಳೀಲಿಲ್ವ ನಿಮ್ಗೆ?"

"ಹೊಳೀಲಿಲ್ಲ. ನಿಂಗೆ ಹೊಳೀತಾ?"

ತಾಯಿ ಮಗ್ಗುಲು ಬದಲಿಸಿದಳು. ಅವಳಿಗೆ ಹೊದಿಸಿ ಬಂದು ಸಣ್ಣ ದನಿಯಲ್ಲಿ ಹೇಳಿದ, "ಹಂಡೆಗೂ ತೆಗೀರಿ ಅಂದೋನು ನಾನೇ ಅಲ್ವ ಅಮ್ಮ."

"ಅದನ್ನ ಮರ್ತುಬಿಡು."

"ಹೆಂಗ್ ಮರೀಲಿ?"

"ಈ ಮನೇಲಿ ನಿನ್ನ ನಂಬಿದ ಹೊಟ್ಟೆ ಎಷ್ಟವೆ ಲೆಕ್ಕ ಹಾಕು. ತಾನೇ ಮರ್ತೋಗುತ್ತೆ. ಉಪ್ಪು ತಂದೋಳು ನಾನು, ಮುಷ್ಟಿ ನಂದು. ನೀನು ಬಾಯಿ ಮಾತಲ್ಲಿ ಅಂದೆ, ಅಷ್ಟೇ. ಬಾಯಿ ಮಾತಿಗೆ ಬೊಬ್ಬೆ ಏಳಲ್ಲ."

ಅವನ ಹೆಂಡತಿ ಚಹಾ ತಂದಳು. ಕುಡಿದು ಬಸ್ಸು ಹತ್ತಿದೆ.

ಸೋಮವಾರ ಕೋಟು ಹಾಕಿಕೊಳ್ಳುವ ಮೊದಲೇ ಮಾಲೀಕರ ಕೋಣೆಗೆ ಹೋದೆ. ಹೊಸದುರ್ಗದವಳು ಕೈ ಹಿಡಿದು ಎಳೆದಳು. "ಸುಮ್ನಿರವ್ವ, ಯಾರೂ ನಿನ್ನ ಕೇಳಿಲ್ಲ. ನಾನಂತೂ ಏನೂ ಕಂಡಿಲ್ಲ" ಎಂದಳು. ಕೈ ಬಿಡಿಸಿಕೊಂಡೆ.

ಮಾಲೀಕರು ಪೂರ್ತಿ ಕೇಳಿದರು. ನಂಬಲಿಲ್ಲ.

"ಈ ಪೊರೆ ಉಪ್ಪುನೀರಲ್ಲಿ ಕುದಿಸಿದ್ರೂ ಜಗ್ಗಲ್ಲ. ನಿಮ್ಮ ಒಂದ್ ಚಿಟಿಕೆ ಉಪ್ಪು ಏನ್ ಮಾಡುತ್ತೆ? ಅವನ್ನ ಉಳಿಸಾಕೆ ಬಂದೀರ?"

"ಹೊರಗ್ಲ ಉಪ್ಪು ಬೇರೆ, ಒಳಗ್ಲ ಉಪ್ಪು ಬೇರೆ ಸಾಮಿ. ನಮ್ಮನೆ ಗ್ವಾಡೆಗೆ ಸಮುದ್ರ ಬಂದು ಬಡೀತಿಲ್ಲ. ಉಪ್ಪು ಒಳ್ಗೇ ಕುಂತೈತೆ, ಅದಕ್ಕೇ ಬೀಳುತ್ತೆ. ನನ್ನ ಮಾತು ಬ್ಯಾಡ. ಎರಡು ತಟ್ಟೆ ತೊಳ್ದು ಕೊಡ್ತೀನಿ. ಒಂದಕ್ಕೆ ಅವತ್ತಿನ ಹಂಗೇ ನಿವಾಳಿಸ್ತೀನಿ, ನಿಮ್ಮ ಕಣ್ಣೆದ್ರಿಗೆ. ಹಂಡೆ ನೀವೇ ನಡಸ್ರಿ, ನೀವೇ ಪೂರ್ತಿ ಆರ್ಸಿ ತೆಗೀರಿ. ಎರಡನ್ನೂ ಬಾಣಂತಿ ಕೋಣೆಗೆ ಹಾಕ್ರಿ."

"ಎಲ್ಲಿ ಹಾಕ್ಬೇಕು?"

"ಆ ತೇವದ ಪೆಟ್ಟಿಗೆಗೆ."

ಅವರು ನನ್ನನ್ನು ನೋಡಿದರು. ಆಮೇಲೆ ಕೇಳಿದರು, "ಅವತ್ತು ನೀವೊಬ್ರೇ ಮಾಡಿದ್ದ? ಮತ್ಯಾರಿಗಾದ್ರೂ ಗೊತ್ತಿತ್ತ?"

"ಒಬ್ಳೇ. ಯಾರಿಗೂ ಗೊತ್ತಿಲ್ಲ" ಎಂದೆ. ಆ ಕೋಣೆಯಲ್ಲಿ ನಾನು ಹೇಳಿದ ಸುಳ್ಳು ಅದೊಂದೇ. ಇವತ್ತಿಗೂ ಅದಕ್ಕೆ ಪಶ್ಚಾತ್ತಾಪ ಇಲ್ಲ.

ಎರಡು ತಟ್ಟೆ ತೊಳೆದೆ. ಅಷ್ಟು ಜೋಪಾನದಿಂದ ನಾನು ಯಾವತ್ತೂ ತೊಳೆದಿರಲಿಲ್ಲ. ಎರಡಕ್ಕೂ ಉಸಿರು ಬಿಟ್ಟೆ, ಮಂಜು ಒಂದೇ ಸಮ ಕೂತು ಆರಿತು. ಮಾಲೀಕರು ಎದುರಿಗೆ ಕೈ ಕಟ್ಟಿ ನಿಂತಿದ್ದರು. ಒಂದು ತಟ್ಟೆಯನ್ನು ದೂರ ಒಯ್ದು ಮುಚ್ಚಿಟ್ಟರು. ಇನ್ನೊಂದಕ್ಕೆ ನಾನು ಸೆರಗಿನ ಗಂಟು ಬಿಚ್ಚಿ ನಿವಾಳಿಸಿದೆ. ಬಾಯಲ್ಲಿ ಏನೂ ಅನ್ನಲಿಲ್ಲ. ಅವತ್ತು ತೆಗೆಯಬೇಕಾದ ಕಣ್ಣು ಯಾವುದೂ ಇರಲಿಲ್ಲ.

ಹತ್ತು ದಿನ ಕೆಲಸಕ್ಕೆ ಹೋದೆ, ಬಂದೆ. ಹೊಸದುರ್ಗದವಳು ನನ್ನ ಜೊತೆ ಮಾತು ಬಿಟ್ಟಿದ್ದಳು, ಅವಳ ಹೆಸರೂ ಬಂದೀತೆಂದು. ಒಂದೊಂದು ಸಲ ನನಗೆ ಅನ್ನಿಸುತ್ತಿತ್ತು, ಎರಡೂ ತಟ್ಟೆ ಚೆನ್ನಾಗಿ ಬಂದರೆ? ಆಗ ನನ್ನ ಕೆಲಸ ಉಳಿಯುತ್ತದೆ, ಅವನದು ಹೋಗುತ್ತದೆ. ಬೊಬ್ಬೆ ಏಳಲಿ ಎಂದು ಬೇಡಿಕೊಂಡೆ ಎಂದು ಹೇಳಿದರೆ ಅದು ದೊಡ್ಡಮಾತು. ಏನನ್ನೂ ಬೇಡಿಕೊಳ್ಳಲಿಲ್ಲ.

ಹನ್ನೊಂದನೆಯ ದಿನ ಪೆಟ್ಟಿಗೆ ತೆರೆದರು. ಅವನನ್ನೂ ಕರೆಸಿದ್ದರು. ಬಿಳಿ ಬಟ್ಟೆಯ ಮೇಲೆ ಎರಡು ಸಾಲು. ಒಂದು ಸಾಲು ಹಾಗೇ ಹೊಳೆಯುತ್ತಿತ್ತು. ಇನ್ನೊಂದರಲ್ಲಿ ಬೊಬ್ಬೆ. ಮಾಲೀಕರು ಭೂತಗಾಜು ಹಿಡಿದು ನೋಡಿದರು, ಕೆಳಗಿಟ್ಟರು.

"ನಾಳೆಯಿಂದ ಬಾರಪ್ಪ" ಎಂದರು ಅವನಿಗೆ. "ಅವತ್ತು ತಾಯಿ ಮಾತು ಎತ್ಬಾರ್ದಿತ್ತು." ಅಷ್ಟು ಹೇಳಿದ್ದೇ ಅವರ ಮಟ್ಟಿಗೆ ಹೆಚ್ಚು. ಅವನು ನನ್ನ ಕಡೆ ನೋಡಿ ಬಾಯಿ ತೆರೆದ. ನಾನು ಕಣ್ಣಲ್ಲೇ ಗದರಿದೆ. ಬಾಯಿ ಮುಚ್ಚಿದ.

ಎಲ್ಲರನ್ನೂ ಕಳಿಸಿ ಮಾಲೀಕರು ನನ್ನನ್ನು ನಿಲ್ಲಿಸಿಕೊಂಡರು.

"ನಿಮ್ಮ ಮೇಲೆ ಸಿಟ್ಟಿಲ್ಲ. ನಮ್ಮವ್ವನೂ ಇದ್ನೇ ಮಾಡ್ತಾಳೆ. ಆದ್ರೆ ಗಿರಾಕಿಗೆ ಕಾರಣ ಬರ್ದು ಕೊಡ್ಬೇಕು, ಏನ್ ಕ್ರಮ ತಗಂಡೆ ಅಂತ ಬರೀಬೇಕು."

"ಬರೀರಿ. ತೊಳ್ಯೋಳ್ನ ತೆಗ್ದೀನಿ ಅಂತ ಬರೀರಿ. ನಿಮ್ಮ ಜಾಗ್ದಾಗೆ ನಾನಿದ್ರೂ ಅದನ್ನೇ ಮಾಡ್ತಿದ್ದೆ."

ಕೋಟು ಮಡಚಿ, ದಿನಾ ಅದನ್ನು ತೂಗುಹಾಕುವ ಮೊಳೆಯ ಕೆಳಗಿನ ಬೆಂಚಿನ ಮೇಲಿಟ್ಟೆ. ಉಸಿರು ಬಿಟ್ಟು ನೋಡುವುದನ್ನು ಹೊಸದುರ್ಗದವಳಿಗೆ ಹೇಳಿಕೊಡಬೇಕಿತ್ತು. ಕಪ್ಪು ಬಟ್ಟೆಯ ಮುಂದೆ ನಿಲ್ಲಿಸಿ, "ಬೆಳಗ್ಗೆ ಬೆಳ್ಳುಳ್ಳಿ ತಿನ್ಬ್ಯಾಡ, ಎಲೆಅಡಿಕೆ ಬಿಡು, ಊದ್ಬ್ಯಾಡ, ಹಾ ಅನ್ನು" ಎಂದೆ. ಅವಳು ಅಳಲು ಶುರು ಮಾಡಿದಳು. ಅಳುವವರ ಉಸಿರು ಗಾಜಿನ ಮೇಲೆ ಸಮ ಕೂರುವುದಿಲ್ಲ, ಮೊದಲು ಮೂಗು ಒರೆಸಿಕೋ ಎಂದೆ. ಮೂರನೆಯ ಸಲಕ್ಕೆ ಸರಿ ಬಂತು.

ಬಸ್ ಸ್ಟ್ಯಾಂಡಿನಲ್ಲಿ ಎಲೆ, ಅಡಿಕೆ, ಸುಣ್ಣ ಕೊಂಡು ಅಲ್ಲೇ ನಿಂತು ಹಾಕಿಕೊಂಡೆ. ಎಂಟು ವರ್ಷದ ಮೇಲೆ ಬಾಯಿ ಉರಿಯಿತು.

ದೃಷ್ಟಿ ಇಲ್ಲ ಎಂದು ನಾನು ಈಗಲೂ ಹೇಳುವುದಿಲ್ಲ. ಮೊಮ್ಮಕ್ಕಳಿಗೆ ಈಗಲೂ ನಿವಾಳಿಸುತ್ತೇನೆ. ಮಕ್ಕಳ ಮೈಮೇಲೆ ಬಿದ್ದ ಉಪ್ಪನ್ನು ಕೊಡವಿದರೆ ಹೋಗುತ್ತದೆ. ಗಾಜಿನ ಮೇಲೆ ಬಿದ್ದದ್ದನ್ನು ನಾವೇ ಮೂವತ್ತು ನಲವತ್ತು ಪದರ ಹಾಕಿ ಮುಚ್ಚಿಬಿಟ್ಟಿದ್ದೆವು.

ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೇ ಎಚ್ಚರವಾಯಿತು. ಹಿರಿಯೂರಿನ ಬಸ್ಸು ಬಂದು ಹಾರ್ನ್ ಹಾಕಿ ಹೋಯಿತು. ಮಗಳನ್ನು ಕೂಲಿಗೆ ಕಳಿಸಿ, ಹಾರೆ ತೆಗೆದುಕೊಂಡು ಹಿತ್ತಲ ಗೋಡೆಯ ಗಿಲಾವನ್ನು ಬುಡದಿಂದ ಸೂರಿನವರೆಗೆ ಕೆಡವಿದೆ. ಬಿದ್ದ ಮಣ್ಣನ್ನು ಬುಟ್ಟಿ ಬುಟ್ಟಿ ಹೊತ್ತು, ಅವರೆ ಬಳ್ಳಿಯ ಬುಡಕ್ಕೆ ತಾಗದ ಹಾಗೆ ರಸ್ತೆಯಾಚೆ ಸುರಿದು ಬಂದೆ. ಬರಿಯ ಗೋಡೆಗೆ ಬೋರಿನ ಸಿಹಿನೀರು ಎರಚಿ ಪೊರಕೆಯಿಂದ ಉಜ್ಜಿದೆ. ಬಿಸಿಲು ಏರಿ ಗೋಡೆ ಒಣಗುವವರೆಗೆ ಎದುರಿಗೇ ಕೂತಿದ್ದೆ. ಒಣಗಿದ ಮೇಲೆ ಬಾಯಿ ಮುಕ್ಕಳಿಸಿ, ಹತ್ತಿರ ಹೋಗಿ, ನಾಲಿಗೆ ಮುಟ್ಟಿಸಿ ನೋಡಿದೆ. ಇನ್ನೂ ಉಪ್ಪಿತ್ತು. ಮತ್ತೆ ಹಾರೆ ಎತ್ತಿಕೊಂಡೆ.